ಆರ್‌ಎಸ್‌ಸಿಯೋ ಎಸಿಎಸ್ಸೋ: ಕೈಯಿಂದ ಚಂದಾ ಕಟ್ಟುವ ರಸಾಯನಜ್ಞರಿಗೆ

ರಸಾಯನಜ್ಞರ ಎರಡು ವೃತ್ತಿಸಂಘಗಳಿಗೂ ಚಂದಾ ಕಟ್ಟಿ ನೋಡಿದ ಮೇಲೆ ಉಳಿಸಿಕೊಳ್ಳಬೇಕೆನಿಸಿದ್ದು ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ (ಆರ್‌ಎಸ್‌ಸಿ). ಅಮೆರಿಕನ್ ಕೆಮಿಕಲ್ ಸೊಸೈಟಿ (ಎಸಿಎಸ್) ಗಾತ್ರದಲ್ಲಿ ದೊಡ್ಡದು, ನಿಜ. ಆದರೆ ಆರ್‌ಎಸ್‌ಸಿಯಲ್ಲಿ ವ್ಯಕ್ತಿಯ ಕೆಲಸವನ್ನೇ ತೂಗಿ ನೋಡಿ ಹೆಸರಿನ ಜೊತೆ ಹಾಕಿಕೊಳ್ಳಲು ಎಂಆರ್‌ಎಸ್‌ಸಿ (ಆರ್‌ಎಸ್‌ಸಿಯ ಸದಸ್ಯ) ಎಂಬ ಅಕ್ಷರಗಳನ್ನು ಕೊಡುತ್ತಾರೆ. ಎಸಿಎಸ್‌ನ ಸಾಮಾನ್ಯ ಸದಸ್ಯತ್ವಕ್ಕೆ ಅಂಥ ಅಕ್ಷರಗಳಿಲ್ಲ. ಅಲ್ಲಿ ಪರಿಶೀಲನೆ ನಡೆಯುವುದು ಕಾಲೇಜಿನ ಪಠ್ಯಕ್ರಮದ ಮೇಲೆ. ಮಾನ್ಯತೆ ಪಡೆದ ವಿಭಾಗ ತನ್ನ ಪದವೀಧರರಿಗೆ ಎಸಿಎಸ್ ಮಾನದಂಡಕ್ಕೆ ತಕ್ಕದ್ದೆಂಬ ಪ್ರಮಾಣವಿರುವ ಪದವಿ ಕೊಡುತ್ತದೆ. ಓದು ಮುಗಿಸಿ ಹತ್ತು ವರ್ಷವಾದವರಿಗೆ ಅದರಿಂದ ಏನೂ ದಕ್ಕದು.

ತಲೆನೋವು ಇರುವುದು ಎಂಆರ್‌ಎಸ್‌ಸಿ ಅರ್ಜಿಯಲ್ಲೇ. ಪದವಿ ಪತ್ರ, ಅನುಭವದ ವಿವರ, ನಿಮ್ಮ ಕೆಲಸ ಬಲ್ಲವರೊಬ್ಬರ ಸಾಕ್ಷ್ಯ, ಇವೆಲ್ಲ ಸಲೀಸು. ಎಡವುವುದು ಕೌಶಲಗಳನ್ನು ಉದಾಹರಣೆ ಸಮೇತ ಬರೆಯುವ ಕಡೆ. ಹೆಚ್ಚಿನವರು ಉಪಕರಣಗಳ ಪಟ್ಟಿ ಕೊಡುತ್ತಾರೆ: ಎಚ್‌ಪಿಎಲ್‌ಸಿ (ದ್ರವ ಹರಿಸಿ ಮಿಶ್ರಣವನ್ನು ಬೇರ್ಪಡಿಸುವ ಯಂತ್ರ), ಜಿಸಿ (ಅನಿಲದಿಂದ ಅದೇ ಕೆಲಸ), ಐಆರ್ (ಅವಕೆಂಪು ಬೆಳಕಿನ ಪರೀಕ್ಷೆ) ಬಲ್ಲೆ ಅಂತ. ಇನ್ನು ಕೆಲವರು ಉದ್ದಕ್ಕೂ 'ನಾವು ಮಾಡಿದೆವು' ಎಂದೇ ಬರೆದು, ತಾವು ಮಾಡಿದ್ದು ಯಾವುದೆಂದು ಗೊತ್ತೇ ಆಗದಂತೆ ಮಾಡಿಬಿಡುತ್ತಾರೆ. ಓದುವವರಿಗೆ ಬೇಕಿರುವುದು ನಿಮ್ಮ ತೀರ್ಮಾನ.

'ಎಚ್‌ಪಿಎಲ್‌ಸಿ ನಡೆಸಿದೆ' ಎನ್ನುವ ಬದಲು ಹೀಗೆ ಬರೆಯಿರಿ: ಅಮೀನ್ ಗುಂಪಿರುವ ಔಷಧದ ಪೀಕ್ (ನಕ್ಷೆಯ ಶಿಖರ) ಬಾಲ ಎಳೆಯುತ್ತಿತ್ತು, ಕಾಲಮ್ಮಿನ ಸಿಲಿಕಾ ಮೇಲಿನ ಸಿಲನಾಲ್ ಗುಂಪುಗಳು ಅಯಾನೀಕರಣಗೊಂಡು ಅದನ್ನು ಹಿಡಿದಿಟ್ಟುಕೊಳ್ಳುತ್ತಿವೆ ಎಂದು ಊಹಿಸಿ, ಆ ಅಯಾನೀಕರಣ ತಗ್ಗಿಸಲು ಮೊಬೈಲ್ ಫೇಸ್‌ನ (ಹರಿಯುವ ದ್ರಾವಣದ) ಪಿಎಚ್ ಅನ್ನು 6ರಿಂದ 3ಕ್ಕೆ ಇಳಿಸಿದೆ, ಬಾಲ ಮೊಟಕಾಯಿತು, ಆಮೇಲೆ ವಿಧಾನವನ್ನು ಮತ್ತೆ ವ್ಯಾಲಿಡೇಟ್ ಮಾಡಿದೆ (ನಂಬಬಹುದೆಂದು ಪರೀಕ್ಷಿಸಿ ಖಚಿತಪಡಿಸಿಕೊಂಡೆ). ಸಮಸ್ಯೆ, ಕಾರಣ, ನಿರ್ಧಾರ, ಫಲಿತಾಂಶ ನಾಲ್ಕೂ ಒಂದೇ ವಾಕ್ಯದಲ್ಲಿ ಬಂದವು. ಇಂಥವು ನಾಲ್ಕೈದು ಬೇಕು, ಒಂದೇ ಪ್ರಾಜೆಕ್ಟಿನಿಂದ ಎಲ್ಲವನ್ನೂ ಹೆಕ್ಕಬೇಡಿ. ಕಂಪನಿಯ ಗುಟ್ಟು ಹೊರಬೀಳುವಂತಿದ್ದರೆ ಸಂಯುಕ್ತದ ಹೆಸರು ಬಿಟ್ಟು ಗುಂಪನ್ನಷ್ಟೇ ಹೇಳಿದರೆ ಸಾಕು.

ಇಷ್ಟು ಕಷ್ಟಪಟ್ಟದ್ದು ದಂಡವಾಗದು. ಮುಂದೆ ಚಾರ್ಟರ್ಡ್ ಕೆಮಿಸ್ಟ್ ಎಂಬ ವೃತ್ತಿ ಮನ್ನಣೆ ಪಡೆಯಬೇಕೆಂದರೆ ಮೊದಲು ಎಂಆರ್‌ಎಸ್‌ಸಿ ಅಥವಾ ಎಫ್‌ಆರ್‌ಎಸ್‌ಸಿ (ಆರ್‌ಎಸ್‌ಸಿಯ ಫೆಲೋ) ಆಗಿರಲೇಬೇಕು, ಬರೆದಿಟ್ಟ ಉದಾಹರಣೆಗಳು ಅಲ್ಲಿಯೂ ಕೈಹಿಡಿಯುತ್ತವೆ.

ಪತ್ರಿಕೆಯ ವಿಷಯದಲ್ಲಿ ಎಸಿಎಸ್‌ನ ಸಿ ಅಂಡ್ ಇಎನ್ (ಕೆಮಿಕಲ್ ಅಂಡ್ ಎಂಜಿನಿಯರಿಂಗ್ ನ್ಯೂಸ್) ಮುಂದಿದೆ. ಉದ್ಯಮದ ಸುದ್ದಿ, ಸುರಕ್ಷತೆಯ ಪತ್ರಗಳು ಅಲ್ಲಿ ದಟ್ಟವಾಗಿರುತ್ತವೆ. ಆರ್‌ಎಸ್‌ಸಿಯ ಕೆಮಿಸ್ಟ್ರಿ ವರ್ಲ್ಡ್ ಓದಲು ಹಿತ, ಅಷ್ಟೇ.

ಸಮ್ಮೇಳನಕ್ಕೂ ಎಸಿಎಸ್ಸೇ. ವಸಂತದಲ್ಲೊಂದು, ಶರತ್ಕಾಲದಲ್ಲೊಂದು, ಎರಡೂ ಜಾತ್ರೆಯಷ್ಟು ದೊಡ್ಡವು. ವಿಶ್ಲೇಷಣೆ, ಪಾಲಿಮರ್, ಔಷಧ ರಸಾಯನ ಹೀಗೆ ಮೂವತ್ತಕ್ಕೂ ಹೆಚ್ಚು ವಿಭಾಗಗಳಿವೆ. ಆದರೆ ಹೋಗುವ ಅಭ್ಯಾಸವೇ ಇಲ್ಲದವರಿಗೆ ಸದಸ್ಯರ ನೋಂದಣಿಯ ರಿಯಾಯಿತಿ ಯಾವ ಲೆಕ್ಕಕ್ಕೂ ಬಾರದು. ಅಮೆರಿಕದಲ್ಲಿ ಕೆಲಸ ಹುಡುಕುವವರು ನನ್ನ ಮಾತು ಕೇಳದೆ ಎಸಿಎಸ್ ಸೇರಲಿ.

ಆರ್‌ಎಸ್‌ಸಿಯಲ್ಲಿ ಕಡಿಮೆ ಗಮನ ಸೆಳೆದ ಇನ್ನೊಂದು ಒಳ್ಳೆಯ ಸಂಗತಿ ಕೆಮಿಸ್ಟ್ಸ್ ಕಮ್ಯೂನಿಟಿ ಫಂಡ್. ಕಾಯಿಲೆ, ಸಾವು, ನಿರುದ್ಯೋಗದಿಂದ ಕುಸಿದ ಸದಸ್ಯರಿಗೂ ಕುಟುಂಬಕ್ಕೂ ಹಣಕಾಸಿನ ನೆರವು ಅಲ್ಲಿಂದ ಸಿಗುತ್ತದೆ. ವೃತ್ತಿಸಂಘ ಅಂದರೆ ಇದು.

ಒಂದು ಎಚ್ಚರ: ಚಂದಾ ನಿಲ್ಲಿಸಿ ಸದಸ್ಯತ್ವ ಬಿಟ್ಟರೆ ಎಂಆರ್‌ಎಸ್‌ಸಿ ಅಕ್ಷರಗಳನ್ನು ಬಳಸುವಂತಿಲ್ಲ. ಬಿಡುವುದೇ ಆದರೆ ರೆಸ್ಯೂಮೆಯಿಂದಲೂ ವಿಸಿಟಿಂಗ್ ಕಾರ್ಡಿನಿಂದಲೂ ಅವತ್ತೇ ತೆಗೆಯಿರಿ.