ಮೈಸೂರಿಗೆ ಹೊಸಬರು ಹಲ್ಲಿನ ಡಾಕ್ಟರ್ ಹುಡುಕುತ್ತಿದ್ದರೆ: ಬನ್ನಿಮಂಟಪದ ಡೆಂಟಲ್ ಕಾಲೇಜು ಆಸ್ಪತ್ರೆ

ಶಿವಮೊಗ್ಗ ಬಿಟ್ಟು ಮೈಸೂರಿಗೆ ಬಂದು ಮೂರು ತಿಂಗಳಾಗಿತ್ತು. ಒಂದು ಸಂಜೆ ಕಾಫಿ ಜೊತೆ ಕೋಡುಬಳೆ ಕಚ್ಚಿದೆ, ಬಲಗಡೆ ಕೆಳಗಿನ ದವಡೆ ಹಲ್ಲಿನ ಒಂದು ಚೂರು ಮುರಿದು ನಾಲಿಗೆ ಮೇಲೆ ಬಂತು. ಆ ರಾತ್ರಿ ತಣ್ಣೀರು ಕುಡಿದರೆ ಜುಮ್ ಅನ್ನುತ್ತಿತ್ತು. ಎರಡು ದಿನ ಕಳೆಯುವಷ್ಟರಲ್ಲಿ ಬಿಸಿ ಕಾಫಿಗೂ ನೋವು ಶುರುವಾಯಿತು, ಆಮೇಲೆ ಏನೂ ತಿನ್ನದಿದ್ದರೂ ತಲೆ ದಿಂಬಿಗೆ ಇಟ್ಟ ತಕ್ಷಣ ಕಿವಿಯವರೆಗೂ ಸಿಡಿಯುವ ನೋವು.

ಊರು ಬದಲಾಯಿಸಿದರೆ ಹಾಲಿನವರು, ತರಕಾರಿ ಅಂಗಡಿ, ಗ್ಯಾಸ್ ಏಜೆನ್ಸಿ ಎಲ್ಲಾ ಒಂದು ವಾರದಲ್ಲಿ ಸಿಕ್ಕಿಬಿಡುತ್ತವೆ. ಹಲ್ಲಿನ ಡಾಕ್ಟರ್ ಹಾಗೆ ಸಿಗುವುದಿಲ್ಲ. ಶಿವಮೊಗ್ಗದಲ್ಲಿ ಹನ್ನೆರಡು ವರ್ಷ ಒಬ್ಬರ ಹತ್ತಿರವೇ ಹೋಗುತ್ತಿದ್ದೆವು. ನನ್ನ ಯಾವ ಹಲ್ಲಿಗೆ ಯಾವಾಗ ಸಿಮೆಂಟ್ ತುಂಬಿಸಿದ್ದು ಅಂತ ಅವರಿಗೆ ಬಾಯಿಪಾಠ. ಇಲ್ಲಿ ಬೀದಿಗೊಂದು ಬೋರ್ಡ್ ಇದೆ, ಯಾರನ್ನು ನಂಬುವುದು ಅಂತ ಮಾತ್ರ ಗೊತ್ತಿಲ್ಲ.

ನೋವು ತಡೆಯಲಾರದೆ ಮೊದಲು ಮನೆ ಹತ್ತಿರದ ಒಂದು ದೊಡ್ಡ ಕ್ಲಿನಿಕ್ಕಿಗೆ ಹೋದೆ. ಹೆಸರು ಬೇಡ. ಡಾಕ್ಟರು ಬಾಯಿಗೆ ಕನ್ನಡಿ ಹಾಕಿ ಒಂದು ನಿಮಿಷ ನೋಡಿದರು, ಎಕ್ಸ್-ರೇ ತೆಗೆಯಲಿಲ್ಲ. ಮೂರು ರೂಟ್ ಕೆನಾಲ್, ಮೂರು ಕ್ಯಾಪ್ ಅಂತ ಪಕ್ಕದಲ್ಲಿದ್ದ ಹುಡುಗಿಗೆ ಹೇಳಿ ಇನ್ನೊಂದು ರೂಮಿಗೆ ಹೋದರು. ಆಕೆ ಕ್ಯಾಲ್ಕುಲೇಟರ್ ಒತ್ತಿ 48,000 ರೂಪಾಯಿ ಅಂದಳು, ಇವತ್ತೇ ಅಡ್ವಾನ್ಸ್ ಕಟ್ಟಿದರೆ ಕಡಿಮೆ ಮಾಡ್ತೀವಿ, ಇಎಂಐ ಕೂಡ ಇದೆ ಅಂದಳು. ಯಾವ ಮೂರು ಹಲ್ಲು ಅಂತ ಕೇಳಿದೆ. "ಡಾಕ್ಟರ್ ನೋಡಿದಾರಲ್ಲ ಮೇಡಂ" ಅನ್ನುವುದಷ್ಟೇ ಉತ್ತರ. ದುಡ್ಡಿಗಿಂತ ಅದೇ ನನಗೆ ಜಾಸ್ತಿ ಬೇಜಾರಾಗಿದ್ದು. ನನ್ನ ಬಾಯಿಯ ವಿಷಯ ನನಗೇ ಹೇಳಲಿಲ್ಲ.

ನೋವಿನ ಮಾತ್ರೆ ನುಂಗಿ ಮನೆಗೆ ಬಂದೆ. ಮೇಲಿನ ಮನೆಯ ಮೇಷ್ಟ್ರು, ರಿಟೈರ್ ಆದವರು, ಮೆಟ್ಟಿಲ ಮೇಲೆ ಸಿಕ್ಕಿ ನನ್ನ ಕೆನ್ನೆ ನೋಡಿಯೇ ಕೇಳಿದರು. "ಸುಮ್ನೆ ಬನ್ನಿಮಂಟಪಕ್ಕೆ ಹೋಗಿ ಬನ್ನಿ ಅಮ್ಮ, ಅಲ್ಲಿ ಜೆಎಸ್‌ಎಸ್ ಡೆಂಟಲ್ ಕಾಲೇಜಿದೆ, ನಾವು ಮನೆಮಂದಿಯೆಲ್ಲ ಅಲ್ಲಿಗೇ ಹೋಗೋದು" ಅಂದರು. ಜಂಬೂ ಸವಾರಿ ಹೋಗಿ ಮುಟ್ಟುತ್ತದಲ್ಲ, ರಾತ್ರಿ ಪಂಜಿನ ಕವಾಯತು ನಡೆಯುತ್ತದಲ್ಲ, ಅದೇ ಬನ್ನಿಮಂಟಪ.

ಕಾಲೇಜು ಅಂದ ತಕ್ಷಣ ನನಗೂ ಭಯ ಆಯಿತು. ಕಲಿಯುವ ಹುಡುಗರ ಕೈಗೆ ಬಾಯಿ ಕೊಡುವುದು ಹೇಗೆ? ಆಮೇಲೆ ತಿಳಿದುಕೊಂಡದ್ದು ಹೇಳುತ್ತೇನೆ. ಬಿಡಿಎಸ್ ಅಂದರೆ ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಅದು ಮುಗಿಸಿ ಡಾಕ್ಟರ್ ಆದ ಮೇಲೆ ಮೂರು ವರ್ಷದ ಎಂಡಿಎಸ್, ಅದರಲ್ಲಿ ಒಂಬತ್ತು ಬೇರೆ ಬೇರೆ ವಿಭಾಗ. ನನ್ನ ದವಡೆ ಹಲ್ಲಿನ ರೂಟ್ ಕೆನಾಲ್ ಮಾಡಿದ್ದು ರೂಟ್ ಕೆನಾಲಿನ ವಿಭಾಗದಲ್ಲೇ ಎಂಡಿಎಸ್ ಓದುತ್ತಿರುವ ಒಬ್ಬ ಡಾಕ್ಟರ್. ಮೂರು ವರ್ಷ ಆಕೆಯ ಮುಖ್ಯ ಕೆಲಸವೇ ಅದು. ಮೇಲಿಂದ ಒಬ್ಬ ಪ್ರೊಫೆಸರ್ ಪ್ರತಿ ಹಂತಕ್ಕೂ ಬಂದು ನೋಡಿ, ಸರಿ ಅಂದ ಮೇಲೆಯೇ ಮುಂದಿನದು.

ಬೆಳಿಗ್ಗೆ ಹೋಗಿ ಚೀಟಿ ಮಾಡಿಸಿದೆ. ಮೊದಲು ಕಳಿಸುವುದು ತಪಾಸಣೆಯ ವಿಭಾಗಕ್ಕೆ. ಅಲ್ಲಿ ಒಂದೊಂದೇ ಹಲ್ಲು ನೋಡಿ ನಂಬರ್ ಹೇಳುತ್ತಾ ಬರೆದುಕೊಂಡರು. ನನ್ನದು "ನಾಲ್ಕು ಆರು". ಬಾಯಿಯನ್ನು ನಾಲ್ಕು ಭಾಗ ಮಾಡಿ, ನಾಲ್ಕನೆಯ ಭಾಗದ, ಅಂದರೆ ಬಲಗಡೆ ಕೆಳಗಿನ, ಆರನೇ ಹಲ್ಲು ಅಂತ ಅರ್ಥವಂತೆ. ಕನ್ನಡಿಯ ಹಿಡಿಯಿಂದ ಮೆಲ್ಲಗೆ ತಟ್ಟಿದರು, ತಣ್ಣಗಿನದು ಮುಟ್ಟಿಸಿ ನೋವು ಎಷ್ಟು ಹೊತ್ತು ಉಳಿಯುತ್ತದೆ ಅಂತ ಎಣಿಸಿದರು. ಆಮೇಲೆ ಎಕ್ಸ್-ರೇ ತೆಗೆದು, ಸ್ಕ್ರೀನ್ ನನ್ನ ಕಡೆ ತಿರುಗಿಸಿ ತೋರಿಸಿದರು. "ಇಲ್ಲಿ ಕಪ್ಪಗೆ ಕಾಣ್ತಿದೆಯಲ್ಲ ಮೇಡಂ, ಇದು ಹುಳುಕು. ಇದು ನರ ಇರೋ ಜಾಗ. ಹುಳುಕು ಅಲ್ಲಿಗೆ ಮುಟ್ಟಿದೆ, ಅದಕ್ಕೇ ಮಲಗಿದಾಗ ನೋವು." ಇದಕ್ಕೆ ಮಾತ್ರ ರೂಟ್ ಕೆನಾಲ್ ಬೇಕು ಅಂದರು. ಎಡಗಡೆ ಒಂದು ಹಲ್ಲಿಗೆ ಸಣ್ಣ ಹುಳುಕು, ನರ ಇನ್ನೂ ದೂರ ಇದೆ, ತುಂಬಿಸಿದರೆ ಸಾಕು. ಬೇರೆ ಹಲ್ಲೇನಾದರೂ ಹಾಳಾಗಿದೆಯಾ ಅಂತ ಕೇಳಿದೆ. ಇನ್ನೊಂದರ ಮೇಲೆ ಕಪ್ಪು ಗೆರೆ ಇತ್ತು, ಅದು ಬರೀ ಕರೆ, ಮುಟ್ಟುವುದೇ ಬೇಡ ಅಂದರು.

ಆ "ಮುಟ್ಟುವುದೇ ಬೇಡ" ಕೇಳಿ ನನಗೆ ಅರ್ಧ ನೋವು ಇಳಿದ ಹಾಗಾಯಿತು. ಒಳ್ಳೆಯ ಹಲ್ಲಿನ ಡಾಕ್ಟರನ್ನು ನಾನು ಈಗ ಅಳೆಯುವುದೇ ಹಾಗೆ. ಮುಟ್ಟುವ ಮೊದಲು ತೋರಿಸಬೇಕು, ಬೇಡದ್ದನ್ನು ಬೇಡ ಅನ್ನಬೇಕು.

ರೂಟ್ ಕೆನಾಲ್ ಮೂರು ಸಲಕ್ಕೆ ಮುಗಿಯಿತು, ಪ್ರತಿ ಸಲ ಒಂದೂವರೆಯಿಂದ ಎರಡು ಗಂಟೆ. ಡಾಕ್ಟರ್ ಕೇರಳದ ಕಡೆಯ ಹುಡುಗಿ, ಕನ್ನಡ ಇಲ್ಲಿಗೆ ಬಂದು ಕಲಿತದ್ದು. "ನೋವಾದರೆ ಎಡಗೈ ಎತ್ತಿ, ನಾನು ನಿಲ್ಲಿಸ್ತೇನೆ" ಅಂದರು. ಎರಡು ಸಲ ಎತ್ತಿದೆ, ಎರಡು ಸಲವೂ ತಕ್ಷಣ ನಿಲ್ಲಿಸಿದರು. ಇಂಜೆಕ್ಷನ್ ಕೊಟ್ಟು, ತುಟಿ ದಪ್ಪ ಆದ ಹಾಗೆ ಅನ್ನಿಸಿದ ಮೇಲೆ, ಹಲ್ಲಿನ ಸುತ್ತ ಒಂದು ರಬ್ಬರ್ ಹಾಳೆ ಕಟ್ಟಿದರು. ಹಾಳೆಯ ತೂತಿನಿಂದ ಆ ಒಂದು ಹಲ್ಲು ಮಾತ್ರ ಹೊರಗೆ. ಒಳಗೆ ತೊಳೆಯುವ ಔಷಧಿ ಬ್ಲೀಚಿಂಗ್ ತರಹದ್ದು, ಗಂಟಲಿಗೆ ಇಳಿಯಬಾರದು, ಎಂಜಲು ಹಲ್ಲಿನೊಳಗೆ ಹೋಗಬಾರದು, ಕೂದಲಿನಷ್ಟು ಸಣ್ಣ ಸೂಜಿಗಳನ್ನು ನುಂಗಬಾರದು, ಅದಕ್ಕೆ ಈ ಹಾಳೆ. ಹಿಂದೆ ಬೇರೆ ಊರಲ್ಲಿ ಮಾಡಿಸಿದ ರೂಟ್ ಕೆನಾಲಿಗೆ ಇದನ್ನು ನೋಡಿರಲೇ ಇಲ್ಲ.

ಎರಡನೇ ಸಲ ನಡೆದದ್ದನ್ನು ಹೇಳಲೇಬೇಕು. ಕೆಳಗಿನ ಈ ದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಅವುಗಳೊಳಗೆ ನರ ಇರುವ ಮೂರು ನಾಳ. ಮೂರೂ ಸಿಕ್ಕಿದ್ದವು. ಪ್ರೊಫೆಸರ್ ಬಂದು ಬಗ್ಗಿ ನೋಡಿ, "ಹಿಂದಿನ ಬೇರಲ್ಲಿ ಇನ್ನೊಂದು ಇರಬಹುದು, ಹುಡುಕಮ್ಮ" ಅಂದರು. ಆಕೆ ಕಣ್ಣಿಗೆ ದೊಡ್ಡದಾಗಿ ಕಾಣುವ ಕನ್ನಡಕ ಹಾಕಿ ಇಪ್ಪತ್ತು ನಿಮಿಷ ಹುಡುಕಿದರು, ಸಣ್ಣ ಸೂಜಿ ತುದಿಯಿಂದ ಮೆಲ್ಲಗೆ ತಡಕುತ್ತಾ. ಸಿಕ್ಕಿತು, ನಾಲ್ಕನೆಯದು. ಅದೊಂದು ಬಿಟ್ಟುಹೋಗಿದ್ದರೆ ಒಳಗೇ ಸೋಂಕು ಉಳಿದು, ಕ್ಯಾಪ್ ಹಾಕಿದ ಮೇಲೂ ಕೀವು ಆಗಬಹುದಿತ್ತು ಅಂತ ವಿವರಿಸಿದರು. ಬೇಗ ಮುಗಿಸುವ ಅವಸರ ಇದ್ದಿದ್ದರೆ ಈ ಇಪ್ಪತ್ತು ನಿಮಿಷ ಯಾರು ಕೊಡುತ್ತಿದ್ದರು?

ಕ್ಯಾಪ್ ವಿಷಯದಲ್ಲೂ ಹಾಗೇ. ಬಿಳಿ ಜಿರ್ಕೋನಿಯಾ, ಒಳಗೆ ಲೋಹ ಮೇಲೆ ಪಿಂಗಾಣಿ, ಬರೀ ಲೋಹ, ಮೂರನ್ನೂ ತೋರಿಸಿದರು. ಹಿಂದಿನ ಹಲ್ಲು, ಯಾರಿಗೂ ಕಾಣಲ್ಲ, ಲೋಹದ್ದಾದರೆ ಹಲ್ಲು ಸವೆಸುವುದೂ ಕಡಿಮೆ ಅಂದರು. ನಾನು ಅದನ್ನೇ ಹಾಕಿಸಿಕೊಂಡೆ. ತುಂಬಿಸಿದ್ದು, ಕ್ಯಾಪ್ ಎಲ್ಲಾ ಸೇರಿ ನನಗಾದ ಖರ್ಚು ಮೊದಲ ಕ್ಲಿನಿಕ್ ಒಂದೇ ಹಲ್ಲಿಗೆ ಹೇಳಿದ್ದರ ಅರ್ಧಕ್ಕಿಂತ ಕಡಿಮೆ. ದರ ಬದಲಾಗುತ್ತಿರುತ್ತದೆ, ಕೌಂಟರಿನಲ್ಲಿ ಕೇಳಿ.

ಎರಡನೇ ಸಲ ಜೊತೆಗೆ ಅತ್ತೆ ಬಂದಿದ್ದರು. ಶಿವಮೊಗ್ಗದ ಅಡಿಕೆ ಸೀಮೆಯವರು, ಇಲ್ಲಿಗೆ ಬಂದ ಮೇಲೆ ಮೈಸೂರು ವೀಳ್ಯದೆಲೆ ಬೇರೆ ಸಿಕ್ಕಿದೆ. ಅವರಿಗೂ ಒಂದು ಚೀಟಿ ಮಾಡಿಸಿದೆ. "ಅಜ್ಜಿ, ಎಷ್ಟು ವರ್ಷದಿಂದ ಹಾಕ್ತೀರಿ?" ಅಂತ ಕೇಳಿದ, ಅವರನ್ನು ತಪಾಸಣೆ ಮಾಡುತ್ತಿದ್ದ ಹುಡುಗನಿಗೆ ಅತ್ತೆ, "ಹೊಗೆಸೊಪ್ಪು ಹಾಕಲ್ಲ ಕಣಪ್ಪ, ಬರೀ ಎಲೆ ಅಡಿಕೆ" ಅಂದರು. ಆತ ಎದುರಿಗೆ ಕೂತು ನಿಧಾನವಾಗಿ ಹೇಳಿದ. ಹೊಗೆಸೊಪ್ಪಿಲ್ಲದಿದ್ದರೂ ಅಡಿಕೆಯೇ ಬಾಯಿಗೆ ಕೆಟ್ಟದ್ದು, ಕೆನ್ನೆಯ ಒಳಗಿನ ಪದರ ಗಟ್ಟಿಯಾಗಿ ಬಾಯಿ ತೆರೆಯುವುದೇ ಕಷ್ಟ ಆಗುತ್ತದೆ, ಕ್ಯಾನ್ಸರ್ ಭಯವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಿಡಿಸುತ್ತದಾ ನೋಡಿ ಅಂದ. ಹಿಡಿಸಿತು. ಆದರೆ ಎಲೆ ಇಟ್ಟುಕೊಳ್ಳುವ ಕಡೆ ಕೆನ್ನೆ ಒಳಗೆ ಒಂದು ಬಿಳಿ ಮಚ್ಚೆ ಇತ್ತು. ಅದನ್ನು ಅಳೆದು ಬರೆದುಕೊಂಡು, ಪೂರ್ತಿ ನಿಲ್ಲಿಸಿ ಎರಡು ವಾರ ಬಿಟ್ಟು ಬನ್ನಿ, ಕಡಿಮೆಯಾಗದಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಅಂದರು. ನಾನು ಹತ್ತು ವರ್ಷದಿಂದ ಹೇಳುತ್ತಿದ್ದೆ, ಕೇಳಿರಲಿಲ್ಲ. ಆ ಹುಡುಗ ಹೇಳಿದ ದಿನವೇ ಎಲೆ ತಟ್ಟೆಯನ್ನು ಅಟ್ಟಕ್ಕೆ ಹಾಕಿಸಿದರು. ಎರಡು ವಾರಕ್ಕೆ ಮಚ್ಚೆ ತುಂಬಾ ಸಣ್ಣದಾಗಿತ್ತು.

ಸಮಯ ಕೈಯಲ್ಲಿಟ್ಟುಕೊಂಡು ಹೋಗಬೇಕಾದ ಜಾಗ ಇದು. ಕಲಿಸುವ ಆಸ್ಪತ್ರೆ ಅಂದ ಮೇಲೆ ನೋಡುವುದು, ತೋರಿಸುವುದು, ಮೇಲಿನವರನ್ನು ಕೇಳುವುದು ಎಲ್ಲಾ ಇರುತ್ತದೆ. ಆಫೀಸು ಮುಗಿಸಿ ಅರ್ಧ ಗಂಟೆಯಲ್ಲಿ ಮುಗಿಯಬೇಕು ಅನ್ನುವವರು ಮನೆ ಹತ್ತಿರದ ಒಳ್ಳೆಯ ಕ್ಲಿನಿಕ್ ಹುಡುಕಿ, ಅಂಥವರೂ ಮೈಸೂರಿನಲ್ಲಿ ಖಂಡಿತ ಇದ್ದಾರೆ. ಎಲ್ಲಿಗೆ ಹೋದರೂ ಎಕ್ಸ್-ರೇ ನೋಡದೆ ರೂಟ್ ಕೆನಾಲಿಗೆ ಒಪ್ಪಬೇಡಿ. ರಬ್ಬರ್ ಹಾಳೆ ಕಟ್ಟುತ್ತೀರಾ ಅಂತ ಕೇಳಿ. ಎಕ್ಸ್-ರೇ ಕಾಪಿ ಕೇಳಿ ಇಟ್ಟುಕೊಳ್ಳಿ, ಮತ್ತೆ ಊರು ಬದಲಾದರೆ ಅದೇ ಬೇಕಾಗುವುದು.

ಬನ್ನಿಮಂಟಪಕ್ಕೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ, ಹೊಟ್ಟೆಗೆ ಏನಾದರೂ ತಿಂದುಕೊಂಡು ಹೋಗಿ, ಇಂಜೆಕ್ಷನ್ ಆದ ಮೇಲೆ ಎರಡು ಮೂರು ಗಂಟೆ ತಿನ್ನುವ ಹಾಗಿರುವುದಿಲ್ಲ. ಬಿಪಿ, ಶುಗರ್, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಆ ಚೀಟಿಯನ್ನು ಮರೆಯದೆ ಒಯ್ಯಿರಿ, ಮೊದಲು ಕೇಳುವುದೇ ಅದು. ಅತ್ತೆಯನ್ನು ಮುಂದಿನ ತಿಂಗಳು ಮತ್ತೆ ಬರಲು ಹೇಳಿದ್ದಾರೆ, ನನ್ನ ಎಡಗಡೆ ತುಂಬಿಸಿದ ಹಲ್ಲನ್ನೂ ಅವತ್ತೇ ತೋರಿಸಿಕೊಂಡು ಬರುತ್ತೇನೆ.