ರೇಷ್ಮೆಮನೆಯಲ್ಲಿ ಕಟ್ಟಿದ ಕಾರು: ಸೆವೆನ್ ಮಾದರಿಯ ಕಿಟ್ ಕೊಂಡು ಏಳು ವರ್ಷಗಳ ಬಳಿಕ

ಲೋಟಸ್ ಸೆವೆನ್ ಎಂಬ ಹಳೆಯ ಬ್ರಿಟಿಷ್ ಕಾರಿನ ಮಾದರಿಯ, ಮನೆಯಲ್ಲೇ ಜೋಡಿಸಿಕೊಳ್ಳುವ ಸ್ಪೋರ್ಟ್ಸ್ ಕಾರಿನ ಕಿಟ್ಟಿಗೆ ನಾನು ಮುಂಗಡ ಕೊಟ್ಟದ್ದು 2018ರ ಆಗಸ್ಟಿನಲ್ಲಿ. ಷಾಸಿ (ಕಾರಿನ ಚೌಕಟ್ಟು) ಲಾರಿಯಲ್ಲಿ ಕೋಲಾರಕ್ಕೆ ಬಂದಿಳಿದದ್ದು ಮರುವರ್ಷದ ಮೇ ತಿಂಗಳಲ್ಲಿ, ಎಂಜಿನ್ ಮೊದಲ ಸಲ ಚಾಲೂ ಆದದ್ದು 2021ರ ಡಿಸೆಂಬರಿನಲ್ಲಿ. ಅಲ್ಲಿಂದೀಚೆಗೆ ಗಂಟೆಮಾಪಕದಲ್ಲಿ 118 ಗಂಟೆ ದಾಖಲಾಗಿದೆ. ಕಾರು ಹನ್ನೊಂದು ದಿನ ರೇಸ್ ಟ್ರ್ಯಾಕಿನಲ್ಲಿ ಓಡಿದೆ, ಒಮ್ಮೆ ಬೆಸುಗೆ ಬಿರುಕುಬಿಟ್ಟಿದೆ, ಎರಡು ಸಲ ಪೂರ್ತಿಯಾಗಿ ಬಿಚ್ಚಿ ಜೋಡಿಸಲಾಗಿದೆ. ಕಿಟ್ ಕೊಳ್ಳಬೇಕೆಂದಿರುವವರು ಬಹುಮಟ್ಟಿಗೆ ಬಾಡಿಯ ಆಕಾರವನ್ನು ನೋಡಿ ತೀರ್ಮಾನಿಸುತ್ತಾರೆ, ನಾನೂ ಹಾಗೆಯೇ ಮಾಡಿದೆ. ಆದರೆ ಈ ಏಳು ವರ್ಷಗಳಲ್ಲಿ ನನ್ನ ಹಣ ಮತ್ತು ಸಮಯ ಹೋದದ್ದೆಲ್ಲ ಆಕಾರಕ್ಕೆ ಸಂಬಂಧವೇ ಇಲ್ಲದ ಮೂರು ಸಂಗತಿಗಳಿಗೆ: ಷಾಸಿಯ ಅಳತೆ ಎಷ್ಟು ಕರಾರುವಾಕ್ಕಾಗಿದೆ, ತಯಾರಕರು ಕೊಡುವ ನಕ್ಷೆ ಎಷ್ಟು ಪೂರ್ಣವಾಗಿದೆ, ಕಿಟ್ಟಿನಲ್ಲಿ ಬಾರದ ಎಂಜಿನ್ ಮತ್ತು ಆಕ್ಸಲ್ (ಚಕ್ರಗಳ ಅಚ್ಚು) ಯಾವ ಹಳೆಯ ಗಾಡಿಯಿಂದ ಬರುತ್ತವೆ.

ಮೊದಲು ಕಾನೂನಿನ ಮಾತು, ಏಕೆಂದರೆ ಉಳಿದೆಲ್ಲ ತೀರ್ಮಾನಗಳೂ ಅದನ್ನೇ ಅವಲಂಬಿಸಿವೆ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನೂ ತಪಾಸಣೆಗೆ ಒಯ್ದು, ಅದು ತೇರ್ಗಡೆಯಾದರೆ ನೋಂದಣಿ ಮಾಡಿಸಿಕೊಳ್ಳುವ ವ್ಯವಸ್ಥೆ ಇದೆ. ಅಲ್ಲಿಯ ವಿಡಿಯೊಗಳನ್ನು ನೋಡಿದವರು ಇಲ್ಲಿಯೂ ಹಾಗೆಯೇ ಇರಬಹುದೆಂದು ಭಾವಿಸುತ್ತಾರೆ. ನಮ್ಮಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯ ನಿಯಮದ ಪ್ರಕಾರ ವಾಹನದ ಮೂಲಮಾದರಿ ಪುಣೆಯ ಎಆರ್‌ಎಐನಂತಹ ಪರೀಕ್ಷಾ ಸಂಸ್ಥೆಯಿಂದ ಅನುಮೋದನೆ ಪಡೆಯಬೇಕು. ಇದು ಕಾರ್ಖಾನೆಗಳಿಗೆಂದು ರೂಪುಗೊಂಡ ಏರ್ಪಾಡು, ಒಂದು ಕಾರು ಕಟ್ಟುವ ಮನೆಮಂದಿಯ ಕೈಗೆಟಕುವಂಥದ್ದಲ್ಲ. ಹಳೆಯ ಗಾಡಿಯ ಆರ್‌ಸಿಯನ್ನೇ ಇಟ್ಟುಕೊಂಡು ಅದರ ಮೇಲೆ ಹೊಸ ಷಾಸಿ ಮತ್ತು ಬಾಡಿ ಕೂರಿಸುವ ದಾರಿಯೂ ಇಲ್ಲ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ನನ್ನ ಕಾರಿಗೆ ನಂಬರ್ ಪ್ಲೇಟ್ ಇಲ್ಲ, ಅದು ಸಾರ್ವಜನಿಕ ರಸ್ತೆಯ ಮೇಲೆ ಒಂದು ಗಜವೂ ಓಡಿಲ್ಲ. ಭಾವನವರ ಮಾವಿನ ತೋಟದ ಒಳದಾರಿಯಲ್ಲಿ ಓಡುತ್ತದೆ, ಟ್ರ್ಯಾಕಿಗೆ ಮಿನಿ ಲಾರಿಯಲ್ಲಿ ಹೋಗುತ್ತದೆ. ಶ್ರೀಪೆರುಂಬುದೂರಿನ ಬಳಿ ಇರುಂಗಾಟ್ಟುಕೋಟ್ಟೈಯಲ್ಲಿರುವ ಟ್ರ್ಯಾಕು ನಮ್ಮೂರಿನಿಂದ ಮುಳಬಾಗಿಲು, ಚಿತ್ತೂರಿನ ಮಾರ್ಗವಾಗಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಸುತ್ತೊಂದಕ್ಕೆ 3.7 ಕಿಲೋಮೀಟರ್ ಉದ್ದದ ಆ ಟ್ರ್ಯಾಕಿಗಾಗಿ ನಡುರಾತ್ರಿ ಹೊರಟು ಹೋಗುವುದು ನನಗೆ ಸಂತೋಷವೇ. ಆಫೀಸಿಗೆ ಓಡಿಸಬೇಕೆಂಬ ಆಸೆಯಿಂದ ಕಿಟ್ ಕೊಳ್ಳಹೊರಟವರು ಮಾತ್ರ ಇಲ್ಲಿಯೇ ನಿಲ್ಲುವುದು ಒಳ್ಳೆಯದು.

ನನ್ನ ಮುಂದಿದ್ದ ಆಯ್ಕೆಗಳು ಮೂರು. ಮನಸ್ಸು ಹೋದದ್ದು ಕೋಬ್ರಾ ಕಡೆಗೆ. ಬ್ರಿಟನ್ನಿನ ಎಸಿ ಎಂಬ ಕಾರು ಕಂಪನಿಯ ಹಗುರವಾದ ಕಾರಿಗೆ ಅಮೆರಿಕದ ಕ್ಯಾರೊಲ್ ಶೆಲ್ಬಿ 1962ರಲ್ಲಿ ಫೋರ್ಡಿನ ಎಂಟು ಸಿಲಿಂಡರಿನ ವಿ8 ಎಂಜಿನ್ ಕೂರಿಸಿದಾಗ ಹುಟ್ಟಿದ ಆ ಆಕಾರವನ್ನು ಇಂದಿಗೂ ಅತಿ ಹೆಚ್ಚು ಜನ ನಕಲು ಮಾಡುತ್ತಾರೆ. ಆದರೆ ಅದರ ಅಮೆರಿಕನ್ ಕಿಟ್ಟುಗಳಿಗೆ ಫೋರ್ಡಿನ ಮಸ್ಟ್ಯಾಂಗ್ ಕಾರಿನ ಭಾಗಗಳು ಬೇಕು, ಅವು ಇಲ್ಲಿಯ ಗುಜರಿಯಲ್ಲಿ ಸಿಗುವ ವಸ್ತುಗಳಲ್ಲ. ಹಳೆಯ ಪೋರ್ಷೆ ಸ್ಪೀಡ್‌ಸ್ಟರ್ ನಕಲಿಗೆ ಹಿಂಬದಿ ಎಂಜಿನ್ನಿನ ಬೀಟಲ್ ಕಾರಿನ ತಳ ಬೇಕು, ಅದೂ ಇಲ್ಲಿ ಸಿಗುವುದು ಕಷ್ಟ. ಉಳಿದದ್ದು ಲೋಟಸ್ ಸೆವೆನ್. ಕಾಲಿನ್ ಚಾಪ್‌ಮನ್ 1957ರಲ್ಲಿ ತಂದ ಈ ಕಾರು ಮೊದಲಿನಿಂದಲೂ ಕಿಟ್ ರೂಪದಲ್ಲಿ ಮಾರಾಟವಾಗುತ್ತಿತ್ತು, ಏಕೆಂದರೆ ಬ್ರಿಟನ್ನಿನಲ್ಲಿ ಪೂರ್ಣ ಕಾರಿನ ಮೇಲಿದ್ದ ಖರೀದಿ ತೆರಿಗೆ ಬಿಡಿಭಾಗಗಳ ಕಿಟ್ಟಿಗೆ ಅನ್ವಯಿಸುತ್ತಿರಲಿಲ್ಲ. 1973ರಲ್ಲಿ ಅದರ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ಚೌಕ ಕೊಳವೆಗಳ ಷಾಸಿ, ಚಪ್ಪಟೆ ಅಲ್ಯೂಮಿನಿಯಂ ತಗಡು, ಮೂತಿಗೂ ಮಡ್‌ಗಾರ್ಡಿಗೂ ಮಾತ್ರ ಫೈಬರ್ ಗ್ಲಾಸ್: ಎಲ್ಲವೂ ಊರಿನ ವೆಲ್ಡಿಂಗ್ ಅಂಗಡಿ ಮತ್ತು ಟಿಂಕರಿಂಗ್ ಅಂಗಡಿಯವರಿಗೆ ಅರ್ಥವಾಗುವ ಕೆಲಸ. ನಾನು ಇದನ್ನು ಅರೆಮನಸ್ಸಿನಿಂದಲೇ ಆರಿಸಿದೆನಾದರೂ ಈಗ ಅದೇ ಸರಿಯಾಗಿತ್ತೆಂದು ಪೂರ್ಣ ಮನಸ್ಸಿನಿಂದ ಹೇಳುತ್ತೇನೆ.

ಎಂಜಿನ್ನಿಗಾಗಿ ನಾನು ಕೊಂಡದ್ದು ಹಳೆಯ ಮಾರುತಿ ಗಿಪ್ಸಿ. ಸೆವೆನ್ ಮಾದರಿಗೆ ಎಂಜಿನ್ ಉದ್ದುದ್ದ ಕೂರಬೇಕು, ಅದರ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗಬೇಕು. ಅಂತಹ ಪೆಟ್ರೋಲ್ ಗಾಡಿಗಳು ನಮ್ಮಲ್ಲಿ ಕಡಿಮೆ. ಗಿಪ್ಸಿಯ 1.3 ಲೀಟರಿನ, 16 ವಾಲ್ವಿನ ಎಂಜಿನ್ 80 ಅಶ್ವಶಕ್ತಿ ಕೊಡುತ್ತದೆ. ಒಂದು ಟನ್ ತೂಗುವ ಗಿಪ್ಸಿಗೆ ಅದು ಸಾಧಾರಣವೆನಿಸಿದರೂ ಆರುನೂರು ಕಿಲೋ ಕಾರಿಗೆ ಧಾರಾಳ. ಇನ್ನೊಂದು ಅನುಕೂಲವನ್ನು ನಾನು ಬಿಚ್ಚಿದ ಮೇಲಷ್ಟೇ ಕಂಡೆ: ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್ಲುಗಳಿಗೆ ಹಂಚುವ ಅದರ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿರದೆ ಪ್ರತ್ಯೇಕವಾಗಿ ತೂಗಿಕೊಂಡಿರುತ್ತದೆ. ಅದನ್ನು ತೆಗೆದು ಗೇರ್‌ಬಾಕ್ಸಿನಿಂದ ನೇರವಾಗಿ ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ತಿರುಗು ದಂಡವನ್ನು (ಪ್ರೊಪೆಲ್ಲರ್ ಶಾಫ್ಟ್) ಕೊಡಬಹುದು. ಹಾಗೆ ಮಾಡಿದಾಗ ಬೆಟ್ಟ ಹತ್ತಲೆಂದು ಇದ್ದ ಗೇರ್ ಅನುಪಾತವೂ ಇಳಿದು, ಪ್ರತಿ ಗೇರೂ ಉದ್ದವಾಗಿ ಹಗುರ ಕಾರಿಗೆ ತಕ್ಕಂತಾಗುತ್ತದೆ. ಮುಂದಿನ ಆಕ್ಸಲ್ ಮತ್ತು ಟ್ರಾನ್ಸ್‌ಫರ್ ಕೇಸನ್ನು ಸಕಲೇಶಪುರದ ಕಡೆಯ ಗಿಪ್ಸಿ ಮಾಲೀಕರೊಬ್ಬರು ಕೊಂಡೊಯ್ದರು. ಹೀಗೆ ಗಾಡಿ ಬಿಚ್ಚುವವರು ಮೋಟಾರು ವಾಹನ ಕಾಯಿದೆಯ 55ನೆಯ ಕಲಮಿನ ಪ್ರಕಾರ ಅದರ ನೋಂದಣಿ ರದ್ದುಪಡಿಸಿಕೊಳ್ಳುವುದನ್ನು ಮರೆಯಬಾರದು.

ಗಿಪ್ಸಿಯ ಹಿಂದಿನ ಆಕ್ಸಲ್ ಮಾತ್ರ ನನಗೆ ಇಂದಿಗೂ ಸಮಾಧಾನ ತಂದಿಲ್ಲ. ಹೊಲಗದ್ದೆಗಳಲ್ಲಿ ಓಡಲೆಂದು ಮಾಡಿದ ಗಟ್ಟಿ ಆಕ್ಸಲ್ ಅದು, ಈ ಕಾರಿಗೆ ತೀರ ಭಾರ. ತಿರುವಿನ ನಡುವೆ ಏರುತಗ್ಗು ಸಿಕ್ಕರೆ ಹಿಂಭಾಗ ನೆಲ ಬಿಟ್ಟು ಕುಪ್ಪಳಿಸುತ್ತದೆ, ಶಾಕ್ ಅಬ್ಸಾರ್ಬರ್ ಎರಡು ಸಲ ಬದಲಾಯಿಸಿದರೂ ಆ ಗುಣ ಪೂರ್ತಿ ಹೋಗಲಿಲ್ಲ.

ಕಿಟ್ಟಿನ ತಯಾರಕರು ನಮ್ಮ ದೇಶದವರೇ, ಚಿಕ್ಕ ಕಾರ್ಖಾನೆ. ಅವರ ಹೆಸರು ಬರೆಯುವ ಅಗತ್ಯ ಕಾಣುವುದಿಲ್ಲ, ಏಕೆಂದರೆ ಅವರಲ್ಲಿ ಕಂಡ ದೋಷಗಳು ಚಿಕ್ಕ ಕಾರ್ಖಾನೆಗಳ ಯಾವ ಕಿಟ್ಟಿನಲ್ಲಾದರೂ ಇರಬಹುದಾದಂಥವು. ಬೆಸುಗೆ ನೋಡಲು ಚೊಕ್ಕವಾಗಿತ್ತು, ಪೌಡರ್ ಕೋಟಿಂಗ್ ಮಿರಿಮಿರಿ ಮಿಂಚುತ್ತಿತ್ತು. ಕೆಜಿಎಫ್‌ನ ಗಣಿ 2001ರಲ್ಲಿ ಮುಚ್ಚುವವರೆಗೂ ಅಲ್ಲಿಯ ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದ ಹಿರಿಯರೊಬ್ಬರನ್ನು ನಾನು ಆ ವಾರ ಕರೆದುಕೊಂಡು ಬಂದೆ. ಅವರು ಷಾಸಿಯನ್ನು ಹೊಗಳಲಿಲ್ಲ, ತೆಗಳಲೂ ಇಲ್ಲ. ನಾಲ್ಕು ಸ್ಟ್ಯಾಂಡುಗಳ ಮೇಲೆ ಅದನ್ನು ಮಟ್ಟಕ್ಕೆ ನಿಲ್ಲಿಸಿ, ಗಾರೆಯವರ ತೂಗುಗುಂಡನ್ನು ಪ್ರತಿಯೊಂದು ಸಸ್ಪೆನ್ಷನ್ ಬ್ರಾಕೆಟಿನಿಂದ ಕೆಳಗೆ ಬಿಟ್ಟು, ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿಸಿದರು. ಆ ಬಳಿಕ ಗುರುತಿನಿಂದ ಗುರುತಿಗೆ ಮೂಲೆಯಿಂದ ಮೂಲೆಗೆ ಟೇಪು ಹಿಡಿದೆವು. ಎಡಗಡೆಯ ಕೆಳಗಿನ ವಿಶ್‌ಬೋನ್ (ಚಕ್ರವನ್ನು ಷಾಸಿಗೆ ಹಿಡಿದಿಡುವ ಕವಲುತೋಳು) ಬ್ರಾಕೆಟ್ ಬಲಗಡೆಯದಕ್ಕಿಂತ 6 ಮಿಲಿಮೀಟರ್ ಹಿಂದಿತ್ತು. "ಇದನ್ನ ಹೀಗೇ ಬಿಟ್ರೆ ಬ್ರೇಕ್ ಒತ್ತಿದಾಗಲೆಲ್ಲ ಒಂದು ಕಡೆಗೆ ಎಳೀತದೆ ಸಾರ್" ಎಂದರು. ತಯಾರಕರಿಗೆ ಫೋಟೊ ಕಳುಹಿಸಿದಾಗ ಅಷ್ಟು ವ್ಯತ್ಯಾಸ ಸಹಜವೆಂಬ ಉತ್ತರ ಬಂತು. ಸಹಜವಲ್ಲ. ಬ್ರಾಕೆಟನ್ನು ಕತ್ತರಿಸಿ, ಅಳತೆ ತಪ್ಪದಂತೆ ಹಿಡಿದಿಡುವ ಜಿಗ್ ಮಾಡಿ ಮತ್ತೆ ಬೆಸೆದೆವು. ಕಿಟ್ ಬಂದ ಮೊದಲ ದಿನವೇ, ಒಂದು ಬೋಲ್ಟನ್ನೂ ಹಾಕುವ ಮುನ್ನ, ಎಲ್ಲರೂ ಈ ಅಳತೆಯನ್ನು ಮಾಡಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಎಂಜಿನ್ ಕೂತ ಮೇಲೆ ಅಳೆಯುವುದು ಅಸಾಧ್ಯವೆಂದೇ ಹೇಳಬೇಕು.

ಸ್ಟಿಯರಿಂಗ್ ರ‍್ಯಾಕಿನ ಎತ್ತರದಲ್ಲಿಯೂ ಇಂಥದೇ ತಪ್ಪಿತ್ತು. ಸ್ಟಿಯರಿಂಗಿನ ತಿರುಗನ್ನು ಮುಂದಿನ ಚಕ್ರಗಳಿಗೆ ಒಯ್ಯುವ ಅಡ್ಡ ಸರಳು ಇದು. ರ‍್ಯಾಕಿನ ಒಳಗೀಲುಗಳು ವಿಶ್‌ಬೋನುಗಳ ಒಳಗೀಲುಗಳ ಸಾಲಿಗೆ ಹೊಂದಿರಬೇಕು, ಇಲ್ಲದಿದ್ದರೆ ಚಕ್ರ ಮೇಲೆ ಕೆಳಗೆ ಆಡಿದಾಗ ಚಾಲಕ ಮುಟ್ಟದೆಯೇ ಅದರ ದಿಕ್ಕು ಬದಲಾಗುತ್ತದೆ. ನನ್ನ ಕಿಟ್ಟಿನ ರ‍್ಯಾಕು 9 ಮಿಲಿಮೀಟರ್ ಮೇಲಿತ್ತು. ತೋಟದ ದಾರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅದು ಗೊತ್ತಾಗಲಿಲ್ಲ. ಮೊದಲ ಟ್ರ್ಯಾಕ್ ದಿನ, ನೂರು ದಾಟಿದ ಮೇಲೆ, ಕಾರು ತಾನಾಗಿ ಅಲೆಯತೊಡಗಿದಾಗ ಎದೆ ನಡುಗಿತು. ಸರಿಯಾದ ಎತ್ತರವನ್ನು ನಕ್ಷೆಯಲ್ಲಿ ನೋಡೋಣವೆಂದರೆ ನನಗೆ ಬಂದ ಕೈಪಿಡಿಯಲ್ಲಿ ನಲವತ್ತು ಪುಟಗಳಷ್ಟು ಫೋಟೊಗಳಿದ್ದವೇ ಹೊರತು ಅಳತೆ ಬರೆದ ಒಂದು ನಕ್ಷೆಯೂ ಇರಲಿಲ್ಲ. ಫೋಟೊಗಳೂ ಬೇರೊಂದು ಎಂಜಿನ್ನಿನ ಕಾರಿನವು.

ನಾಲ್ಕು ಚಕ್ರಗಳ ಮೇಲೆ ಬೀಳುವ ಭಾರವನ್ನು ಸಮ ಮಾಡುವ ವಿಷಯದಲ್ಲಿ ಕೋಲಾರದಲ್ಲಿರುವುದೇ ನನಗೆ ವರವಾಯಿತು. ಅದಕ್ಕೆಂದೇ ಮಾಡಿದ ತೂಕದ ಯಂತ್ರಗಳು ದುಬಾರಿ. ಎಪಿಎಂಸಿಯ ಟೊಮೆಟೊ ಮಂಡಿಯಲ್ಲಿ ಪರಿಚಯದವರು 300 ಕಿಲೋ ತೂಗುವ ನಾಲ್ಕು ಎಲೆಕ್ಟ್ರಾನಿಕ್ ತಕ್ಕಡಿಗಳನ್ನು ಸುಗ್ಗಿ ಇಲ್ಲದ ಒಂದು ಭಾನುವಾರ ಎರವಲು ಕೊಟ್ಟರು. ಅರ್ಧ ಟ್ಯಾಂಕ್ ಪೆಟ್ರೋಲಿನೊಂದಿಗೆ ಕಾರು 612 ಕಿಲೋ ತೂಗಿತು. ಚಾಲಕನ ಸೀಟಿನಲ್ಲಿ ನನ್ನ ತೂಕದಷ್ಟು ಮರಳಿನ ಚೀಲ ಇಟ್ಟು, ಸ್ಪ್ರಿಂಗುಗಳ ಎತ್ತರವನ್ನು ಸುತ್ತುಸುತ್ತಾಗಿ ತಿರುಗಿಸುತ್ತಾ ಎದುರುಬದುರು ಮೂಲೆಗಳ ಭಾರವನ್ನು ಸರಿದೂಗಿಸುವುದಕ್ಕೆ ಇಡೀ ದಿನ ಹಿಡಿಯಿತು. ಬ್ರೇಕ್ ಹಾಕಿದಾಗ ಕಾರು ನೇರವಾಗಿ ನಿಲ್ಲತೊಡಗಿದ್ದು ಆ ಸಂಜೆಯಿಂದ.

ಚಕ್ರಗಳ ಬೋಲ್ಟು ಹಿಂದೆ ಐದು, ಮುಂದೆ ನಾಲ್ಕು. ಆದ್ದರಿಂದ ಎರಡು ಬಗೆಯ ಸ್ಟೆಪ್ನಿ ಒಯ್ಯಬೇಕು. ಇದನ್ನು ಆರ್ಡರ್ ಕೊಡುವಾಗಲೇ ಕೇಳಿದ್ದರೆ ತಪ್ಪಿಸಬಹುದಿತ್ತು. ವೈರಿಂಗಿನ ತಂತಿಗಳಿಗೆ ಗುರುತುಪಟ್ಟಿ ಇರಲಿಲ್ಲ, ಅದನ್ನು ಬದಿಗಿಟ್ಟು ಗಿಪ್ಸಿಯ ವೈರಿಂಗನ್ನೇ ಸಣ್ಣದು ಮಾಡಿ ಬಳಸಿದೆ.

ಬ್ರೇಕಿನ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಹಗುರ ಕಾರಿನಲ್ಲಿ ಕಾಲಿನ ಒತ್ತಿಗೆ ಬಲ ಕೂಡಿಸುವ ಸರ್ವೊ ಇಲ್ಲ, ಪೆಡಲ್ ಕಲ್ಲಿನಂತಿತ್ತು. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಒಳವ್ಯಾಸವನ್ನು 22 ಮಿಲಿಮೀಟರಿನಿಂದ 19ಕ್ಕೆ ಇಳಿಸಿದಾಗ ಪೆಡಲ್ ತುಸು ಆಳಕ್ಕೆ ಹೋದರೂ ಅದೇ ಒತ್ತಿಗೆ ಹೆಚ್ಚು ಒತ್ತಡ ಸಿಕ್ಕಿತು. ಗಿಪ್ಸಿಯ ಹಿಂದಿನ ಡ್ರಮ್ಮುಗಳು ಭಾರದ ಗಾಡಿಗೆ ಮಾಡಿದವಾದ್ದರಿಂದ ಇಲ್ಲಿ ಮುಂದಿನ ಬ್ರೇಕಿಗಿಂತ ಮುಂಚೆಯೇ ಲಾಕ್ ಆಗಿ ಚಕ್ರ ತಿರುಗದಂತೆ ಹಿಡಿಯುತ್ತಿದ್ದವು. ಹಿಂದಿನ ಲೈನಿಗೆ ಒತ್ತಡ ಕಡಿಮೆ ಮಾಡುವ ವಾಲ್ವ್ ಹಾಕಿದ ಮೇಲೆ ಸರಿಹೋಯಿತು. ಟೈರಿನ ಗಾಳಿಯೂ ಅಷ್ಟೆ, ಪಂಪಿನವರು ವಾಡಿಕೆಯಂತೆ 30 ತುಂಬಿಸಿದರೆ ಇಂತಹ ಕಾರು ಜಾರುತ್ತದೆ. ನನ್ನದು 18ರಿಂದ 20ರಲ್ಲಿ ಚೆನ್ನಾಗಿ ಹಿಡಿಯುತ್ತದೆ.

ಬಿಸಿಲಿನ ವಿಷಯದಲ್ಲಿ ರೇಡಿಯೇಟರ್ ಗೆದ್ದಿತು, ಫೈಬರ್ ಸೋತಿತು. ನೀರಿನ ತೊಟ್ಟಿಯನ್ನು ಎಂಜಿನ್ನಿಗಿಂತ ಮೇಲೆ ಕೂರಿಸಿ ಗಾಳಿಗುಳ್ಳೆ ಹೊರಹೋಗುವ ದಾರಿ ಮಾಡಿದ ಮೇಲೆ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲೂ ಎಂಜಿನ್ ಕಾದಿಲ್ಲ. ಮೂತಿಯ ಮೇಲೆ ಮಾತ್ರ ಎರಡನೆಯ ಬೇಸಿಗೆಯಲ್ಲೇ ಜೇಡರ ಬಲೆಯಂತಹ ಬಿರುಕುಗಳು ಕಂಡವು. ಫೈಬರಿನ ಮೇಲ್ಪದರವಾದ ಜೆಲ್‌ಕೋಟನ್ನು ಹೊಳಪಿಗಾಗಿ ತೀರ ದಪ್ಪ ಬಳಿದಿದ್ದರು, ದಪ್ಪ ಜೆಲ್‌ಕೋಟ್ ಹೀಗೆಯೇ ಒಡೆಯುತ್ತದೆ. ಬಿರುಕು ಶುರುವಾದದ್ದೂ ಬೋಲ್ಟಿನ ತೂತುಗಳ ಸುತ್ತ. ಈಗ ಅಲ್ಲೆಲ್ಲ ರಬ್ಬರ್ ವಾಷರ್ ಹಾಕಿದ್ದೇನೆ.

ಬೆಸುಗೆ ಬಿರುಕುಬಿಟ್ಟದ್ದು 2024ರಲ್ಲಿ. ಹಿಂದಿನ ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿದಿಡುವ ಪ್ಯಾನ್‌ಹಾರ್ಡ್ ರಾಡಿನ ಬ್ರಾಕೆಟಿನಲ್ಲಿ ಕೂದಲೆಳೆಯಷ್ಟು ಗೆರೆ ಕಂಡಿತು. ಅದು ಕಂಡದ್ದಕ್ಕೆ ಒಂದೇ ಕಾರಣ, ಹಿಂದಿನ ವರ್ಷ ಕಾರು ಬಿಚ್ಚಿದ್ದಾಗ ಆ ಭಾಗದ ಕಪ್ಪು ಪೌಡರ್ ಕೋಟಿಂಗ್ ತೆಗೆಸಿ ತೆಳು ಬೂದು ಬಣ್ಣ ಬಳಿಸಿದ್ದೆ. ತಿಳಿ ಬಣ್ಣದ ಮೇಲೆ ಬಿರುಕಿನ ಅಂಚಿನಲ್ಲಿ ತುಕ್ಕಿನ ಕೆಂಪು ಎದ್ದು ಕಾಣುತ್ತದೆ. ಕಪ್ಪು ಬಣ್ಣದ ಕೆಳಗೆ ಅದು ತುಂಡಾಗುವವರೆಗೂ ಗೊತ್ತಾಗುತ್ತಿರಲಿಲ್ಲ, ಟ್ರ್ಯಾಕಿನ ತಿರುವಿನಲ್ಲಿ ತುಂಡಾಗಿದ್ದರೆ ಏನಾಗುತ್ತಿತ್ತೆಂದು ಯೋಚಿಸಲೂ ಭಯವಾಗುತ್ತದೆ. ತ್ರಿಕೋನದ ಆಧಾರ ತಗಡು ಕೊಟ್ಟು ಬೆಸೆಸಿದ ಮೇಲೆ ಪ್ರತಿ ಟ್ರ್ಯಾಕ್ ದಿನದ ಹಿಂದಿನ ರಾತ್ರಿ ಟಾರ್ಚ್ ಹಿಡಿದು ಎಲ್ಲ ಬ್ರಾಕೆಟುಗಳನ್ನು ನೋಡುತ್ತೇನೆ. ಷಾಸಿಗೆ ತಿಳಿ ಬಣ್ಣ ಬೇಕೆಂದು ಆರ್ಡರಿನಲ್ಲೇ ಬರೆಸಿರಿ, ಸೀಟ್ ಬೆಲ್ಟ್ ಮತ್ತು ರೋಲ್ ಬಾರಿನ (ಕಾರು ಮಗುಚಿದರೆ ತಲೆ ಕಾಯುವ ಕಮಾನು) ಬೋಲ್ಟುಗಳು ಕೊಳವೆಗಳು ಕೂಡುವ ಜಾಗಕ್ಕೇ ಬರುತ್ತವೆಯೇ ಎಂದೂ ಕೇಳಿರಿ. ತಳದ ತಗಡಿಗೆ ಬಿಗಿದ ಬೆಲ್ಟು ಅಪಘಾತದಲ್ಲಿ ಕಿತ್ತುಬರುತ್ತದೆ.

ಖರ್ಚು ಹೀಗಿದೆ. ಕಿಟ್ಟಿಗೆ 5,40,000 ರೂಪಾಯಿ, ಗಿಪ್ಸಿಗೆ 1,75,000, ಟೈರು, ಬ್ರೇಕು, ಲೇತ್ ಕೆಲಸ ಇತ್ಯಾದಿಗೆ 3,10,000. ಉಳಿದ ಭಾಗಗಳನ್ನು ಮಾರಿ ಬಂದ 40,000 ಕಳೆದರೆ 9,85,000. ತಯಾರಕರು ಹೇಳಿದ್ದ ಅಂದಾಜು ಒಟ್ಟು ಏಳು ಲಕ್ಷ. ಶೆಡ್ಡಿಗೆ ಬಾಡಿಗೆ ಇರಲಿಲ್ಲ, ಅದು ನಮ್ಮ ತಂದೆಯವರು ಕಟ್ಟಿಸಿದ ರೇಷ್ಮೆಮನೆ. ಚಂದ್ರಿಕೆಗಳನ್ನು ಜೋಡಿಸುತ್ತಿದ್ದ ಗೋಡೆಗೆ ಈಗ ಸ್ಪ್ಯಾನರುಗಳು ತೂಗುತ್ತವೆ.

ಇದೇ ಕಾರನ್ನು ಮತ್ತೆ ಕಟ್ಟುತ್ತೀರಾ ಎಂದು ಯಾರಾದರೂ ಕೇಳಿದರೆ ಹೌದು ಎನ್ನುತ್ತೇನೆ, ಆದರೆ ಅಳತೆಯ ನಕ್ಷೆ ಕೊಡದ ತಯಾರಕರಿಂದ ಮತ್ತೆ ಕೊಳ್ಳಲಾರೆ. ಹೋದ ಜನವರಿಯಲ್ಲಿ ಮಾಲೂರಿನಿಂದ ಯುವಕರೊಬ್ಬರು ಕಾರು ನೋಡಲು ಬಂದಿದ್ದರು, ಆರಡಿ ಎತ್ತರದವರು. ಬಾನೆಟ್ ತೆರೆಯುವ ಮುನ್ನ ಅವರನ್ನು ಸೀಟಿನಲ್ಲಿ ಕೂರಿಸಿದೆ. ಮೊಣಕಾಲು ಸ್ಟಿಯರಿಂಗಿಗೆ ತಗುಲಿತು, ಬ್ರೇಕ್ ಒತ್ತಿದ ಬೂಟು ಆಕ್ಸಿಲರೇಟರನ್ನೂ ಒತ್ತಿತು. ಅವರು ಕಾಲಿಡುವ ಜಾಗದ ಅಗಲವನ್ನು ಟೇಪಿನಲ್ಲಿ ಅಳೆದುಕೊಂಡು, ತಾವು ವಿಚಾರಿಸುತ್ತಿದ್ದ ತಯಾರಕರಿಗೆ ಅದೇ ಜಾಗದ ಅಳತೆಯನ್ನೂ ರ‍್ಯಾಕಿನ ಎತ್ತರವನ್ನೂ ಬರೆದ ನಕ್ಷೆ ಕಳುಹಿಸಿರೆಂದು ಕೇಳಿದ್ದಾರೆ. ಅದು ಕೈಸೇರುವವರೆಗೆ ಮುಂಗಡ ಕೊಡುವುದಿಲ್ಲವೆಂದು ಮೊನ್ನೆ ಫೋನ್ ಮಾಡಿ ತಿಳಿಸಿದರು.