ಫುಟ್ ಸ್ಪಾ ಮೆಷಿನ್, ಎಣ್ಣೆ ಸ್ನಾನ, ಹಂಡೆ ನೀರಿನ ಟಬ್ಬು: ನನ್ನ ಕಾಲಿಗೆ ಒಪ್ಪಿದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಟಬ್ಬಿಗೆ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಸಿಗುವ ಅಗಲ ಬಾಯಿಯ ಪ್ಲಾಸ್ಟಿಕ್ ಟಬ್ಬು, ಅದಕ್ಕೆ ಹಂಡೆಯ ಬಿಸಿನೀರು, ಒಂದು ಹಿಡಿ ಕಲ್ಲುಪ್ಪು. ಅಷ್ಟೇ. ನಾಲ್ಕು ಸಾವಿರ ಚಿಲ್ಲರೆಯ ಫುಟ್ ಸ್ಪಾ ಮೆಷಿನ್ ಮನೆಯಲ್ಲೇ ಇದ್ದರೂ ಹೀಗೆ ಹೇಳುತ್ತಿದ್ದೇನೆ.

ನಾಪೋಕ್ಲು ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ. ಸಾಲು ರಜೆ ಬಂತು ಅಂದರೆ ಬೆಳಿಗ್ಗೆ ಐದಕ್ಕೆ ಅಡುಗೆಮನೆ ಹೊಕ್ಕವಳು ಕೂರುವುದು ರಾತ್ರಿ ಹನ್ನೊಂದಕ್ಕೆ. ಕಡಂಬುಟ್ಟು ಬೇಯಿಸಿ ಇಳಿಸುವಷ್ಟರಲ್ಲಿ ಇನ್ನೊಬ್ಬರಿಗೆ ನೂಪುಟ್ಟು ಬೇಕು. ಬಂದವರೆಲ್ಲ "ಸುಮ್ನೆ ರಿಲ್ಯಾಕ್ಸ್ ಮಾಡೋಕೆ ಬಂದ್ವಿ ಆಂಟಿ" ಅಂತಾರೆ. ಆಂಟಿಯ ಹಿಮ್ಮಡಿಯನ್ನು ಕೇಳುವವರಿಲ್ಲ. ಹತ್ತಿರದ ರೆಸಾರ್ಟುಗಳಲ್ಲಿ ಸ್ಪಾ ಇದೆ, ನಿಜ. ಅಲ್ಲಿ ಒಂದು ಮಸಾಜಿಗೆ ಕೊಡುವ ದುಡ್ಡಿಗೆ ನನಗೆ ಎರಡು ಗ್ಯಾಸ್ ಸಿಲಿಂಡರ್ ಬರುತ್ತೆ. ಹಾಗಾಗಿ ಏನಿದ್ದರೂ ಮನೆಯಲ್ಲೇ ಆಗಬೇಕು.

ಮೆಷಿನ್ ತರಿಸಿದ್ದು ನಮ್ಮ ಮನೆಯವರು, ಆನ್‌ಲೈನ್ ಆಫರ್ ನೋಡಿ. ಒಳ್ಳೆಯದನ್ನು ಮೊದಲು ಹೇಳೋಣ. ತಳದಲ್ಲಿರುವ ರೋಲರ್ ಚೆನ್ನಾಗಿದೆ. ಪಾದದ ನಡುವಿನ ಗುಳಿಗೆ ಸರಿಯಾಗಿ ತಾಗುತ್ತದೆ. ಕಂಪನವೂ ಹಿತವೇ. ಗುಳ್ಳೆ ಏಳುವುದು ಮಾತ್ರ ಬರೀ ಸದ್ದು.

ತೊಂದರೆ ಎಲ್ಲ ನೀರಿನದು.

ಡಬ್ಬದ ಮೇಲೆ "ನೀರು ತಾನೇ ಬಿಸಿಯಾಗುತ್ತದೆ" ಅನ್ನುವ ಅರ್ಥದ ಚಿತ್ರ ಇದೆ. ಒಳಗಿರುವುದು 500 ವ್ಯಾಟಿನ ಹೀಟರ್. ಆರು ಲೀಟರ್ ತಣ್ಣೀರನ್ನು ಕಾಲಿಡುವಷ್ಟು ಬಿಸಿ ಮಾಡಲು ಅದಕ್ಕೆ ಕರೆಂಟು ಸರಿಯಾಗಿದ್ದರೂ ಇಪ್ಪತ್ತು ನಿಮಿಷದ ಹತ್ತಿರ ಬೇಕು. ಕಕ್ಕಡ ತಿಂಗಳಲ್ಲಿ, ಅಂದರೆ ಜೋರು ಮಳೆಯ ದಿನಗಳಲ್ಲಿ, ನಮ್ಮ ಕಡೆ ಕರೆಂಟು ಎಲ್ಲಿ ಸರಿಯಾಗಿರುತ್ತದೆ? ಮರ ಬಿದ್ದು ಲೈನ್ ಹೋಗದಿದ್ದರೆ ಅದೇ ಪುಣ್ಯ. ಇದ್ದಾಗಲೂ ವೋಲ್ಟೇಜ್ ಇರಲ್ಲ. 230 ವೋಲ್ಟ್ ಬರಬೇಕಾದ ಕಡೆ 160 ಬಂದರೆ ಹೀಟರಿನ ಶಕ್ತಿ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಯಾಕೆಂದರೆ ಅದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯೋದು. ಇಪ್ಪತ್ತು ನಿಮಿಷದ ಕೆಲಸ ನಲವತ್ತು ದಾಟುತ್ತದೆ, ಅಷ್ಟರಲ್ಲಿ ನಾನು ಕೂತಲ್ಲೇ ತೂಕಡಿಸಿರುತ್ತೇನೆ. ಇನ್ವರ್ಟರಿಗೆ ಹಾಕಿದರೆ ಬ್ಯಾಟರಿ ಬೇಗ ಇಳಿದು ಗೆಸ್ಟ್ ರೂಮಿನ ಲೈಟಿಗೇ ಕುತ್ತು. ಕೊನೆಗೆ ಹಂಡೆಯಿಂದಲೇ ಬಿಸಿನೀರು ತಂದು ಸುರಿಯಬೇಕಾಯಿತು. ಹಂಡೆ ನೀರೇ ಬೇಕು ಅಂದಮೇಲೆ ಹೀಟರ್ ಯಾಕೆ, ಅಲ್ವಾ?

ಇದನ್ನಾದರೂ ಸಹಿಸಬಹುದು. ಖಾಲಿ ಮಾಡುವುದಿದೆಯಲ್ಲ, ಅದು ದೊಡ್ಡ ಫಜೀತಿ. ನಮ್ಮ ಮೆಷಿನ್‌ಗೆ ನೀರು ಬಿಡುವ ಪೈಪಿಲ್ಲ. ಬಚ್ಚಲಲ್ಲಿ ಪ್ಲಗ್ ಪಾಯಿಂಟ್ ಇಲ್ಲ, ಇರಲೂಬಾರದು. ಹಾಗಾಗಿ ಹಾಲ್‌ನಲ್ಲಿ ಕೂತು ಕಾಲು ನೆನೆಸಿ, ಆಮೇಲೆ ತುಂಬಿದ ಮೆಷಿನ್ನನ್ನು ಹಸುಗೂಸನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ಬಚ್ಚಲಿಗೆ ಹೋಗಬೇಕು. ನೀರೂ ಮೆಷಿನ್ನೂ ಸೇರಿ ಎಂಟೊಂಬತ್ತು ಕೆಜಿ. ದಾರಿಯಲ್ಲಿ ಎರಡು ಹೊಸ್ತಿಲು. ನಡೆದಂತೆ ನೀರು ಆಚೆ ಈಚೆ ತುಳುಕುತ್ತದೆ. ನಮ್ಮದು ಹಳೇ ರೆಡ್ ಆಕ್ಸೈಡ್ ನೆಲ, ಸೋಪಿನ ನೀರು ಒಂದು ಹನಿ ಬಿದ್ದರೂ ಜಾರುತ್ತದೆ. ದಣಿವು ಆರಿಸಲು ಕೂತವಳು ಕೊನೆಗೆ ನೆಲ ಒರೆಸುತ್ತಾ ಮಲಗುವ ಹೊತ್ತು ಮೀರಿಸಿಕೊಂಡೆ. ಪ್ಲಗ್ ಕಿತ್ತ ಮೇಲೆಯೇ ಎತ್ತಬೇಕು, ಇದನ್ನು ಮರೆಯಬೇಡಿ.

ಖಾಲಿಯಾದ ಮೇಲೂ ಮುಗಿಯಲಿಲ್ಲ. ರೋಲರ್ ಸಂದಿಯಲ್ಲಿ ನೀರು ನಿಲ್ಲುತ್ತದೆ. ಜುಲೈ ತಿಂಗಳಲ್ಲಿ ನಮ್ಮಲ್ಲಿ ಚಪ್ಪಲಿ, ಬೆಲ್ಟು, ಮರದ ಕುರ್ಚಿಗೇ ಬೂಷ್ಟು ಹಿಡಿಯುತ್ತದೆ. ಮೆಷಿನ್ ಬಿಡುತ್ತದೆಯೇ? ರೋಲರ್ ಬಿಚ್ಚಿ, ಹಳೇ ಬ್ರಷ್‌ನಲ್ಲಿ ತಿಕ್ಕಿ, ಒಲೆ ಹತ್ತಿರ ಬೋರಲು ಹಾಕಬೇಕು. ಕರಗೀತು ಅಂತ ಜಾಸ್ತಿ ಹತ್ತಿರ ಇಡುವ ಹಾಗೂ ಇಲ್ಲ.

ಎಣ್ಣೆ ಸ್ನಾನದ ವಿಷಯ ಬೇರೆ. ಸುಖದಲ್ಲಿ ಅದನ್ನು ಮೀರಿಸಿದ್ದು ಇನ್ನೊಂದಿಲ್ಲ. ಬೆಚ್ಚಗಿನ ಎಣ್ಣೆ ನೆತ್ತಿಗೆ ಇಟ್ಟು, ಲಕ್ಕಿ ಸೊಪ್ಪು ಕುದಿಸಿದ ನೀರು ಹುಯ್ದುಕೊಂಡರೆ ಬೆನ್ನು ಸಡಿಲವಾಗುವುದು ಗೊತ್ತಾಗುತ್ತದೆ. ಆದರೆ ಅದಕ್ಕೆ ಅರ್ಧ ದಿನ ಬೇಕು, ಆಮೇಲೆ ನಿದ್ದೆ ಮಾಡಲು ಇನ್ನರ್ಧ. ಮಳೆಗಾಲದಲ್ಲಿ ಕೂದಲು ಒಣಗುವುದೂ ಇಲ್ಲ. ಅತ್ತೆ ಕೆಂಡದ ಮುಂದೆ ಕೂರಿಸಿ ಒಣಗಿಸುತ್ತಿದ್ದರು, ತಲೆಯೆಲ್ಲ ಹೊಗೆ ವಾಸನೆ. ಬಿಸಿಲು ಬಂದ ಮೇಲೆ, ಗೆಸ್ಟ್ ಇಲ್ಲದ ದಿನಕ್ಕೆ ಅದನ್ನು ಎತ್ತಿಟ್ಟಿದ್ದೇನೆ.

ಇನ್ನು ಟಬ್ಬು. ಬಚ್ಚಲಲ್ಲೇ ಒಂದು ಮಣೆ ಹಾಕಿಕೊಂಡು ಕೂರುತ್ತೇನೆ. ಪಕ್ಕದಲ್ಲೇ ಹಂಡೆ, ಒಲೆಯಲ್ಲಿ ತೋಟದಿಂದ ಬಂದ ಸಿಲ್ವರ್ ಓಕ್ ಕೊಂಬೆ. ನೀರು ಆರಿತು ಅನಿಸಿದರೆ ಕಾಲು ಪಕ್ಕಕ್ಕೆ ತೆಗೆದು ಇನ್ನೊಂದು ಚೊಂಬು ಬಿಸಿನೀರು. ಮುಗಿದ ಮೇಲೆ ಟಬ್ಬನ್ನು ಬಗ್ಗಿಸಿದರೆ ಆಯಿತು, ನೀರು ತಾನೇ ಹೋಗುತ್ತದೆ. ಅಂಗಳದ ನಿಂಬೆಹುಲ್ಲನ್ನು ಗಂಟು ಕಟ್ಟಿ ಹಂಡೆಗೇ ಹಾಕಿಬಿಟ್ಟರೆ ಬಚ್ಚಲೆಲ್ಲ ಘಮ. ಚಳಿಗಾಲದಲ್ಲಿ ಕೊಡಗಿನ ಕಿತ್ತಳೆ ಸಿಪ್ಪೆ.

ಒಂದು ವಿಷಯ ಮಾತ್ರ ಹೊರಗಿನವರಿಗೆ ಹೇಳಬೇಕು. ತೋಟಕ್ಕೆ ಹೋಗಿ ಬಂದು ಕಾಲಿಟ್ಟರೆ ಕೆಲವೊಮ್ಮೆ ಬೆರಳ ಸಂದಿಯಿಂದ ಕೆಂಪು ಎಳೆಯೊಂದು ನೀರಿನಲ್ಲಿ ಹೊರಟು, ನಿಧಾನವಾಗಿ ಹರಡಿ ಗುಲಾಬಿ ಬಣ್ಣವಾಗುತ್ತದೆ. ಜಿಗಣೆ ಕಚ್ಚಿ ಬಿಟ್ಟುಹೋದ ಜಾಗ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಅದರ ಜೊಲ್ಲಿನಲ್ಲಿ ಇರುತ್ತದೆ, ಮೇಲಿಂದ ಬಿಸಿನೀರು ಬೇರೆ. ಗಾಬರಿ ಬೇಡ. ಕಾಲು ತೆಗೆದು, ಬಟ್ಟೆಯಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ನಿಲ್ಲುತ್ತದೆ.

ನೀರಿನ ಬಿಸಿಗೆ ಲೆಕ್ಕ ಬೇಕಿದ್ದರೆ, 2019ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ, 40ರಿಂದ 42.5 ಡಿಗ್ರಿ ಸೆಲ್ಸಿಯಸ್ ನೀರಿನ ಸ್ನಾನವನ್ನು ಮಲಗುವ ಒಂದೆರಡು ಗಂಟೆ ಮೊದಲು ಮಾಡಿದರೆ ನಿದ್ದೆ ಬೇಗ ಹತ್ತುತ್ತದೆ ಎಂದಿದ್ದಾರೆ. ಬಿಸಿನೀರಿಗೆ ಕೈಕಾಲಿನ ರಕ್ತನಾಳ ಹಿಗ್ಗಿ ಒಳಗಿನ ಶಾಖ ಹೊರಗೆ ಹೋಗುತ್ತದೆ, ಮೈ ಒಳಗಿಂದ ತಣ್ಣಗಾದಾಗ ನಿದ್ದೆ ಬರುತ್ತದೆ. ನಾನು ಥರ್ಮಾಮೀಟರ್ ಇಡಲ್ಲ, ಮೊಣಕೈ ಅದ್ದಿ ನೋಡುತ್ತೇನೆ.

ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಬಿಸಿನೀರಿಗೆ ಕಾಲಿಡಬಾರದು. ಪಾದಕ್ಕೆ ಸ್ಪರ್ಶ ಕಡಿಮೆಯಾಗಿದ್ದರೆ ಸುಟ್ಟರೂ ಗೊತ್ತಾಗಲ್ಲ. ನಮ್ಮ ಅತ್ತೆಗೆ ಅದಕ್ಕೇ ಟಬ್ಬೂ ಇಲ್ಲ, ಮೆಷಿನ್ನೂ ಇಲ್ಲ.

ಎಪ್ಸಮ್ ಉಪ್ಪನ್ನೂ ಹಾಕಿ ನೋಡಿದೆ. ಅದರ ಮೆಗ್ನೀಸಿಯಂ ಚರ್ಮದ ಮೂಲಕ ಒಳಗೆ ಹೋಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ, ನನ್ನ ಕಾಲಿಗೂ ಕಲ್ಲುಪ್ಪಿಗಿಂತ ಬೇರೆ ಏನೂ ತಿಳಿಯಲಿಲ್ಲ. ಡಿಕಾಕ್ಷನ್ ಸೋಸಿ ಉಳಿದ ಗಸಿಗೆ ತೆಂಗಿನೆಣ್ಣೆ ಕಲಸಿ ಹಿಮ್ಮಡಿಗೆ ತಿಕ್ಕಿದರೆ ಒರಟು ಹೋಗುತ್ತದೆ. ಗಸಿಯನ್ನು ಗಿಡದ ಬುಡಕ್ಕೆ ಹಾಕಿ, ಬಚ್ಚಲಿಗೆ ಬಿಟ್ಟರೆ ಪೈಪ್ ಕಟ್ಟಿಕೊಳ್ಳುತ್ತದೆ. ಸುಗಂಧದ ಮೇಣದಬತ್ತಿ? ಕರೆಂಟು ಹೋದಾಗ ಉರಿಸುವ ಮಾಮೂಲಿ ಮೇಣದಬತ್ತಿಯೇ ಸಾಕಷ್ಟಾಗಿದೆ ನಮಗೆ.

ಮಡಿಕೇರಿ, ಕುಶಾಲನಗರದಲ್ಲಿ ಬಾಡಿಗೆ ಮನೆಯಲ್ಲಿದ್ದು, ಹಂಡೆ ಇಲ್ಲದವರಿಗೂ ಗೀಸರ್ ಇದ್ದರೆ ಟಬ್ಬೇ ಸಾಕು. ರೋಲರ್ ಬೇಕೇ ಬೇಕು ಅನ್ನುವವರು ಕಡಿಮೆ ದುಡ್ಡಿಗೆ ಬರುವ ಮರದ ಲಟ್ಟಣಿಗೆಯಂಥದ್ದನ್ನು ಕಾಲಡಿ ಹಾಕಿ ಉರುಳಿಸಬಹುದು, ಅಡುಗೆಯದನ್ನು ಮಾತ್ರ ಮುಟ್ಟಬೇಡಿ. ಅಷ್ಟಾದರೂ ಮೆಷಿನ್ನೇ ಕೊಳ್ಳುತ್ತೇನೆ ಅಂದರೆ ನೀರು ಬಿಡುವ ಪೈಪ್ ಇರುವುದನ್ನೇ ನೋಡಿ, ಅಡಿಗೆ ಚಕ್ರ ಇದ್ದರೆ ಇನ್ನೂ ಒಳ್ಳೆಯದು. ಮತ್ತೆ ಹಿಂದಕ್ಕೆ ಕೊಡಲು ಎಷ್ಟು ದಿನ ಅವಕಾಶ ಇದೆ ಅನ್ನುವುದನ್ನು ಆರ್ಡರ್ ಹಾಕುವ ಮೊದಲೇ ಓದಿಕೊಳ್ಳಿ. ನಮ್ಮದರ ಅವಧಿ ಮುಗಿದಾಗ ಇಲ್ಲಿ ಇನ್ನೂ ಕರೆಂಟೇ ಬಂದಿರಲಿಲ್ಲ.